ಸಫ್ವತ್ ಮೇಷ್ಟ್ರ ಐದನೆಯ ಬಾಗಿಲು

ಎಲ್ಲ ತೊಂದರೆಗೂ ಮೂಲ ಒಂದು ‘ಹೂಂ’.

ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಕೈರೋದ ಶುಬ್ರಾದಲ್ಲಿನ ತಮ್ಮ ಗಲ್ಲಿಯಲ್ಲಿ, ರಸಾಯನಶಾಸ್ತ್ರದ ಮೇಷ್ಟ್ರು ಸಫ್ವತ್ ಕಾರಿನ ಮೇಲಿನ ಬೂದು ಹೊದಿಕೆಯನ್ನು ಎಳೆದು ತೆಗೆದರು. ಒಂಬತ್ತು ವರ್ಷದಿಂದ ಆ ಹೊದಿಕೆ ಕಟ್ಟಡದ ಮುಂದೆ ಸತ್ತ ಒಂಟೆಯ ಹಾಗೆ ಬಿದ್ದುಕೊಂಡಿತ್ತು. ಅದರ ನೆರಳಲ್ಲಿ ನಾಲ್ಕು ತಲೆಮಾರಿನ ಬೆಕ್ಕುಗಳು ಹುಟ್ಟಿ ಬೆಳೆದಿದ್ದವು. ಈಗ ಅದರಡಿಯಿಂದ ಹೊರಬಂದದ್ದು ಕೆನೆಬಣ್ಣದ, ಅರವತ್ತನಾಲ್ಕನೆಯ ಇಸವಿಯ ಫಿಯೆಟ್ ಕಾರು. ಬಂಪರಿನಲ್ಲಿ ಎದುರು ಮನೆಯ ಕಿಟಕಿಗಳನ್ನು ಎಣಿಸಬಹುದಾಗಿತ್ತು.

ಎರಡನೆಯ ಮಹಡಿಯ ಬಾಲ್ಕನಿಯಿಂದ ಉಮ್ಮ್ ತಾಹಾ ರೊಟ್ಟಿಗಾಗಿ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಿದ್ದಳು. ಬುಟ್ಟಿ ಅರ್ಧ ದಾರಿಯಲ್ಲೇ ನಿಂತಿತು.

“ಮೇಷ್ಟ್ರೇ, ಇದಷ್ಟೂ ನೀವೇ ನಿಮ್ಮ ಕೈಯಾರೆ ಮಾಡಿದ್ರಾ?”

ಮೇಷ್ಟ್ರು ಮೇಲೆ ನೋಡಿದರು. ‘ದೇವರ ದಯೆ’ ಎಂದು ಹೇಳಿ ಜಾರಿಕೊಳ್ಳುವುದೆಂದು ಹಿಂದಿನ ದಿನವೇ ತೀರ್ಮಾನಿಸಿದ್ದರು. ಆ ಮಾತು ಸುಳ್ಳೂ ಅಲ್ಲ, ನಿಜವೂ ಅಲ್ಲ. ಆದರೆ ಬಾಯಿಂದ ಹೊರಟದ್ದು “ಹೂಂ.”

ನಿಜ ಸಂಗತಿ ಹೀಗಿತ್ತು. ಒಂಬತ್ತು ವರ್ಷದ ಹಿಂದೆ ಮೇಷ್ಟ್ರು ಇದೇ ಇಸವಿಯ ಒಂದು ತುಕ್ಕಿನ ರಾಶಿಯನ್ನು ತಂದು ನಿಲ್ಲಿಸಿ, ಇದನ್ನು ಹೊಸದು ಮಾಡುತ್ತೇನೆಂದು ಸಾರಿದ್ದರು. ಸಿದ್ಧವಾದದ್ದನ್ನೇ ಕೊಳ್ಳಬಾರದೇ ಎಂದವರಿಗೆಲ್ಲ ಒಂದೇ ಉತ್ತರ: “ಕೊಂಡ ಕಾರು ಮಾರಿದವನದ್ದು. ಬಿಚ್ಚಿ ಕಟ್ಟಿದವನಿಗೇ ಕಾರು ದಕ್ಕೋದು.” ಬಿಚ್ಚುವ ಕೆಲಸ ಸೊಗಸಾಗಿ ನಡೆಯಿತು. ಪ್ರತಿ ತಿರುಪಿಗೂ ಸಂಖ್ಯೆ ಕೊಟ್ಟು, ಪುಸ್ತಕದಲ್ಲಿ ಬರೆದು, ಹೆಂಡತಿಯ ಉಪ್ಪಿನಕಾಯಿ ಬಾಟಲಿಗಳಲ್ಲಿ ತುಂಬಿಟ್ಟರು. ಇನ್ನೂರ ಹದಿನಾಲ್ಕು ಬಾಟಲಿಗಳಾದವು. ಮೂರನೆಯ ವರ್ಷ ಎಡಗಡೆಯ ಮುಂದಿನ ಬಾಗಿಲನ್ನು ಕಳಚಿ, ತುಕ್ಕು ಕೆರೆಯಲೆಂದು ಮನೆಗೆ ಒಯ್ದು ಮಂಚದ ಕೆಳಗೆ ಇಟ್ಟರು. ಆ ವರ್ಷವೇ ಮೂಲೆಯಂಗಡಿಯ ಮೆಕ್ಯಾನಿಕ್ ಉಸ್ತಾ ಫರ್ಗಲಿ ಹೊದಿಕೆ ಎತ್ತಿ ನೋಡಿ, ಇದು ಇನ್ನು ಏಳುವುದು ಪ್ರಳಯದ ದಿನ, ಎಲ್ಲ ಸತ್ತವರ ಜೊತೆಗೇ, ಎಂದು ನಕ್ಕಿದ್ದ. ಅಂದಿನಿಂದ ಮೇಷ್ಟ್ರು ಯಾರಿಗೂ ಹೊದಿಕೆ ಎತ್ತಗೊಡಲಿಲ್ಲ. ಶುಕ್ರವಾರ ಶುಕ್ರವಾರ ಟಾರ್ಚು ಹಿಡಿದು ತಾವೊಬ್ಬರೇ ಒಳಗೆ ನುಸುಳುತ್ತಿದ್ದರು. ಕೆಲಸ ನಡೆಯುತ್ತಿದೆ ಎಂದು ಗಲ್ಲಿ ತಿಳಿದಿತ್ತು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು.

ಹೋದ ತಿಂಗಳು ದಮನ್ಹೂರಿನಲ್ಲಿದ್ದ ಚಿಕ್ಕಮ್ಮನ ಜಮೀನಿನ ಪಾಲಿನ ಹಣ ಕೈಗೆ ಬಂತು. ಅದು ಹೆಂಡತಿ ಇನ್ಸಾಫಳ ಅಡಿಗೆಮನೆಗೆಂದು ಮೀಸಲಿಟ್ಟದ್ದು. ಅವಳ ಈಗಿನ ಅಡಿಗೆಮನೆಯಲ್ಲಿ ಒಲೆಯ ಬಾಗಿಲು ತೆರೆಯಬೇಕಾದರೆ ಅಡುಗೆ ಮಾಡುವವಳು ಹೊರಗೆ ಬರಬೇಕು. ಅದೇ ವಾರ ಒಬ್ಬ ನಿವೃತ್ತ ಡಾಕ್ಟರು ತಮ್ಮ ಫಿಯೆಟ್ಟನ್ನು ಮಾರಲು ಇಟ್ಟರು. ಅದೇ ಇಸವಿ, ಅದೇ ಬಣ್ಣ, ತಿರುಪಿನಿಂದ ತಿರುಪಿಗೆ ಸಿದ್ಧ. ಜಮೀನಿನ ಕೇಸು ಇನ್ನೂ ಕೋರ್ಟಿನಲ್ಲಿದೆ ಎಂದು ಮೇಷ್ಟ್ರು ಮನೆಯಲ್ಲಿ ಹೇಳಿದರು. ಕೋರ್ಟು ಎಂದ ಮೇಲೆ ಯಾರೂ ಅನುಮಾನಪಡಲಿಲ್ಲ. ಗುರುವಾರ ಮಧ್ಯಾಹ್ನ ಇಡೀ ಗಲ್ಲಿ ನದಿಯಾಚೆಯ ಇಂಬಾಬಾಕ್ಕೆ, ಇನ್ಸಾಫಳ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ, ಹೋಗಿತ್ತು. ಮೇಷ್ಟ್ರು ಹೊಟ್ಟೆನೋವೆಂದು ಉಳಿದರು. ಡಾಕ್ಟರ ಕಾರು ಬಂತು, ಹಳೆಯ ರಾಶಿಯನ್ನು ಗುಜರಿಯವನು ಹೇರಿಕೊಂಡು ಹೋದ, ಹೊದಿಕೆ ಮತ್ತೆ ಅದೇ ಜಾಗದಲ್ಲಿ ಹರಡಿತು. ಅರ್ಧ ಗಂಟೆಯ ಕೆಲಸ. ಒಂಬತ್ತು ವರ್ಷದಲ್ಲಿ ಮೇಷ್ಟ್ರು ಅಂದುಕೊಂಡ ಹಾಗೆ ಮುಗಿದ ಒಂದೇ ಕೆಲಸ.

ಉಮ್ಮ್ ತಾಹಾಳ ಕೈಗೆ ಸಿಕ್ಕ ಸುದ್ದಿ ಕಾಲಿಗೆ ಚಪ್ಪಲಿ ಹಾಕಿಕೊಳ್ಳಲೂ ಕಾಯುವುದಿಲ್ಲ. ಹತ್ತು ನಿಮಿಷದಲ್ಲಿ ಕಾರಿನ ಸುತ್ತ ಜನ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದರು. ಫರ್ಗಲಿ ಬಾಯಲ್ಲಿದ್ದ ಫಲಾಫೆಲ್ ನುಂಗದೆಯೇ ಬಂದ. ಎಂಜಿನ್ ಹಚ್ಚಿಸಿ, ಮೊಣಕಾಲೂರಿ, ಕಣ್ಣು ಮುಚ್ಚಿ ಕೇಳಿದ. ಕಳ್ಳತನ ಹಿಡಿಯಬಲ್ಲವನು ಇವನೊಬ್ಬನೇ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಹಿಡಿದರೆ ಒಳ್ಳೆಯದೆಂದೂ ಒಂದು ಕ್ಷಣ ಅನ್ನಿಸಿತು.

ಫರ್ಗಲಿ ಎದ್ದು, ಮೇಷ್ಟ್ರ ತಲೆ ಹಿಡಿದು ಹಣೆಗೆ ಮುತ್ತಿಟ್ಟ. “ಮೂವತ್ತು ವರ್ಷ ಆಯ್ತು ಮೇಷ್ಟ್ರೇ ನಾನು ಈ ಕಸುಬಿಗೆ ಬಂದು. ಇಂಥ ಕೈ ನೋಡಿರ್ಲಿಲ್ಲ. ನಾನು ನಕ್ಕಿದ್ದನ್ನ ಮರೆತುಬಿಡಿ.”

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅದು ವಿನಯವೆಂದು ಎಲ್ಲರೂ ತಿಳಿದರು.

ಆಗ ಮನೆಯೊಳಗಿಂದ ಇನ್ಸಾಫ್ ಕರೆದಳು. ಶುಕ್ರವಾರದ ಗುಡಿಸುವ ಕೆಲಸದಲ್ಲಿ ಅವಳು ಮಂಚದ ಕೆಳಗೆ ಪೊರಕೆ ಹಾಕಿದ್ದಳು. ಬಾಗಿಲು ನಡುಮನೆಗೆ ಬಂದಿತ್ತು. ಅದರ ಸುತ್ತ ಬಾಟಲಿಗಳು ಶಾಲಾ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

“ಮೇಷ್ಟ್ರೇ, ಆ ಕಾರಿಗೆ ಬಾಗಿಲು ಎಷ್ಟು?”

“ನಾಲ್ಕು.”

“ಈಗ ನೋಡ್ಕೊಂಡು ಬಂದೆ, ನಾಲ್ಕೂ ಅಲ್ಲೇ ಇವೆ. ಹಾಗಾದ್ರೆ ಇದು ಯಾರದ್ದು?”

ಅದು ತೀರಾ ತುಕ್ಕು ಹಿಡಿದಿತ್ತು, ಅದಕ್ಕೇ ತಗಡು ಬಡಿದು ಬೇರೆಯದೇ ಮಾಡಿದೆ ಎಂದರು ಮೇಷ್ಟ್ರು. ಬಾಟಲಿಗಳ ತಿರುಪುಗಳು? ಅವು ಉಳಿದವು, ಬೇಕಾಗಲಿಲ್ಲ. ಇನ್ಸಾಫ್ ಅವರನ್ನೇ ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೇಷ್ಟ್ರಿಗೆ ಅರ್ಥವಾಗದೆ ಉಳಿದಿದ್ದ ಒಂದೇ ರಾಸಾಯನಿಕ ಕ್ರಿಯೆ ಆ ನೋಟ.

ಕಿಟಕಿಯ ಆಚೆ, ಮೇಲಿನ ಬಾಲ್ಕನಿಯಿಂದ ಉಮ್ಮ್ ತಾಹಾ ಬುಟ್ಟಿ ಸರಿಪಡಿಸುವ ನೆಪದಲ್ಲಿ ಬಾಗಿದ್ದಳು. ಮೇಷ್ಟ್ರು ಬರಿಯ ತಗಡಿನಿಂದ ಬಾಗಿಲು ಬಡಿದರಂತೆ, ಕಾರ್ಖಾನೆಯವರು ಸುಮ್ಮನೆ ಹಾಕಿದ್ದ ಇನ್ನೂರು ಬಾಟಲಿ ತಿರುಪು ಬೇಡವೆಂದು ತೆಗೆದು ಹಾಕಿದರಂತೆ ಎಂದು ಗಲ್ಲಿಗೆ ಸುದ್ದಿ ಹೋಯಿತು. ಮೇಷ್ಟ್ರ ಕೀರ್ತಿ ಮಹಡಿಯಿಂದ ಮಹಡಿಗೆ ಏರಿತು. ಫ್ಯಾನುಗಳು, ನೀರಿನ ಪಂಪು, ಒಂದು ಹೊಲಿಗೆಯಂತ್ರ ಮೆಟ್ಟಿಲಿಳಿದು ಬಂದವು.

ಫರ್ಗಲಿ ಅವರನ್ನು ಕೈಹಿಡಿದು ತನ್ನ ಅಂಗಡಿಗೆ ಕರೆದೊಯ್ದ. ಬೇಕರಿಯವರ ವ್ಯಾನಿನ ಕಾರ್ಬ್ಯುರೇಟರು ವಾರದಿಂದ ಅವನನ್ನು ಕಾಡುತ್ತಿತ್ತು. ಸುಮ್ಮನೆ ಒಮ್ಮೆ ಕೈಯಾಡಿಸಿ ಎಂದ. ಮೇಷ್ಟ್ರಿಗೆ ಬಿಚ್ಚಲು ಚೆನ್ನಾಗಿ ಬರುತ್ತಿತ್ತು. ಹನ್ನೊಂದು ಭಾಗಗಳು ಹೊರಬಂದವು. ಪೆಟ್ರೋಲ್‌ನಲ್ಲಿ ತೊಳೆದು, ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಇಡುವಾಗ ಒಂದು ಪುಟ್ಟ ಸ್ಪ್ರಿಂಗು ಚಿಮ್ಮಿ ಚರಂಡಿಯ ಜಾಲರಿಯಲ್ಲಿ ಮಾಯವಾಯಿತು. ಉಳಿದ ಹತ್ತನ್ನು ತೋಚಿದ ಹಾಗೆ ತುರುಕಿ, ಮೇಷ್ಟ್ರು ದೂರ ಸರಿದು ನಿಂತರು. ವ್ಯಾನು ಈಗ ಸಾಯುತ್ತದೆ, ಅದರೊಂದಿಗೆ ತಮ್ಮ ಕೀರ್ತಿಯೂ ಸಾಯುತ್ತದೆ, ಸಂಜೆಯ ಹೊತ್ತಿಗೆ ತಾವು ಮತ್ತೆ ನೆಮ್ಮದಿಯ ಹೆಡ್ಡರಾಗಬಹುದು ಎಂದುಕೊಂಡರು.

ದುರದೃಷ್ಟಕ್ಕೆ ವ್ಯಾನು ಶುರುವಾಯಿತು.

“ಒಂದು ಸ್ಪ್ರಿಂಗು ಕಮ್ಮಿ,” ಎಂದ ಫರ್ಗಲಿ, ಪಿಸುಮಾತಿನಲ್ಲಿ. “ಅದೇ ಬೇಡದ್ದು ಅಂತ ನೋಡಿದ ತಕ್ಷಣ ಗೊತ್ತಾಯ್ತಲ್ಲ ಇವರಿಗೆ.”

ಜುಮ್ಮಾ ನಮಾಜು ಮುಗಿಯುವ ಹೊತ್ತಿಗೆ ಸುದ್ದಿ ನೈಲ್ ನದಿ ದಾಟಿ ಇಂಬಾಬಾ ಮುಟ್ಟಿತ್ತು. ಇನ್ಸಾಫಳ ಅಣ್ಣ ಹಾಜಿ ಬಯ್ಯೂಮಿ ಮಗನ ಜೊತೆ ಗಾಡಿಯಲ್ಲಿ ಒಂದು ಟಗರು ಏರಿಸಿಕೊಂಡು ಬಂದಿಳಿದ. ಅವನು ಕಸಾಯಿ. ಅವನ ಅಂಗೈ ಚಹಾ ತಟ್ಟೆಯಷ್ಟು ಅಗಲ. ಇಂಥ ಕಾರಿಗೆ ಕಣ್ಣು ಬೀಳದೆ ಇರುತ್ತದೆಯೇ ಎಂದು ಅಲ್ಲೇ ಗಲ್ಲಿಯಲ್ಲಿ ಟಗರು ಕೊಯ್ದು, ಬಿಸಿ ರಕ್ತದಲ್ಲಿ ಅಂಗೈ ಅದ್ದಿ, ಕೆನೆಬಣ್ಣದ ಬಾನೆಟ್ಟಿನ ನಟ್ಟನಡುವೆ ಐದೂ ಬೆರಳು ಒತ್ತಿದ. ಆಮೇಲೆ ನಾಲ್ಕು ಬಾಗಿಲಿಗೂ ಒಂದೊಂದು. ಬಣ್ಣಕ್ಕೆ ಡಾಕ್ಟರು ಏಳು ಪದರ ಮೆರುಗು ಕೊಡಿಸಿದ್ದರು. ಒಣಗುತ್ತಿರುವ ರಕ್ತದ ಉಪ್ಪು ಮೊದಲ ಪದರಕ್ಕೆ ಎಷ್ಟು ಹೊತ್ತಿಗೆ ಇಳಿಯಬಹುದೆಂದು ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ನಿಂತರು. ಒರೆಸಲು ಕೈ ಹೋಗಲಿಲ್ಲ. ಹಾಜಿಯ ಇನ್ನೊಂದು ಕೈಯಲ್ಲಿ ಚೂರಿ ಇತ್ತು.

ಹಾಜಿ ಕಾರಿನ ಸುತ್ತ ಎರಡು ಸುತ್ತು ಬಂದ. ಸೀಟು ಒತ್ತಿ ನೋಡಿದ. “ಚೆನ್ನಾಗಿದೆ ಸಫ್ವತ್. ಬಹಳ ಚೆನ್ನಾಗಿದೆ.”

“ತಗೊಳ್ಳಿ ಹಾಜಿ,” ಎಂದರು ಮೇಷ್ಟ್ರು. “ನಿಮಗಿಂತ ಹೆಚ್ಚಾ?”

ಇದು ಎಲ್ಲರೂ ಹೇಳುವ ಮಾತು. ಯಾರಾದರೂ ನಮ್ಮ ವಸ್ತುವನ್ನು ಮೆಚ್ಚಿದರೆ ತಗೊಳ್ಳಿ ಅನ್ನಬೇಕು. ಮೆಚ್ಚಿದವರು ‘ಒಡೆಯನಿಗೇ ಒಳ್ಳೆಯದಾಗಲಿ’ ಎನ್ನಬೇಕು. ಮೇಷ್ಟ್ರು ಐವತ್ತೆರಡು ವರ್ಷದಲ್ಲಿ ತಮ್ಮ ಕೈಗಡಿಯಾರವನ್ನು ನೂರು ಸಲ, ಮನೆಯನ್ನು ಹತ್ತಿಪ್ಪತ್ತು ಸಲ, ಬಸ್ಸಿನಲ್ಲಿ ಪಕ್ಕದವನಿಗೆ ತಮ್ಮ ಊಟವನ್ನು ಲೆಕ್ಕವಿಲ್ಲದಷ್ಟು ಸಲ ಕೊಟ್ಟಿದ್ದರು. ಎಲ್ಲವೂ ಇನ್ನೂ ಅವರ ಹತ್ತಿರವೇ ಇದ್ದವು.

ಹಾಜಿ ಕಾರಿನ ಬಾಗಿಲೊಂದನ್ನು ತೆರೆದು ಮುಚ್ಚಿದ. ಬರಬೇಕಾದ ಉತ್ತರ ಬರಲಿಲ್ಲ. ಉಮ್ಮ್ ತಾಹಾಳ ಬುಟ್ಟಿ ಮತ್ತೆ ಗಾಳಿಯಲ್ಲಿ ನಿಂತಿತು.

“ನೋಡು ಸಫ್ವತ್,” ಎಂದ ಹಾಜಿ ಕೊನೆಗೆ. “ಬೇರೆ ಯಾರೇ ಈ ಮಾತು ಅಂದಿದ್ರೂ ನಾನು ಕಿವಿಗೆ ಹಾಕ್ಕೊತಿರ್ಲಿಲ್ಲ. ನೀನು ದುಡ್ಡು ಕೊಟ್ಟು ಕೊಂಡ ಕಾರಾಗಿದ್ರೆ, ದೇವರಾಣೆ, ಮುಟ್ತಿರ್ಲಿಲ್ಲ. ದುಡ್ಡು ಹೋದ್ರೆ ಮತ್ತೆ ಬರಲ್ಲ. ಆದ್ರೆ ಇದು ಕೈ ಕೆಲಸ. ಕೈ ನಿನ್ನ ಹತ್ರಾನೇ ಇದೆಯಲ್ಲ. ನನ್ನ ಮಗಳು ನಶ್ವಾ ಮದುವೆಗೆ ಏನು ಕೊಡ್ಲಿ ಅಂತ ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ಅವಳ ಸೋದರತ್ತೆಯ ಗಂಡ ತನ್ನ ಕೈಯಾರೆ ಮಾಡಿದ ಕಾರು ಅಂದ್ರೆ, ಅದಕ್ಕಿಂತ ದೊಡ್ಡ ಉಡುಗೊರೆ ಯಾವುದಿದೆ?”

ಮೇಷ್ಟ್ರು ಬಾಯಿ ತೆರೆದರು. ಕೊಂಡದ್ದು ಎಂದು ಒಂದು ಮಾತು ಹೇಳಿದರೆ ಕಾರು ಉಳಿಯುತ್ತಿತ್ತು. ಆದರೆ ಯಾವ ದುಡ್ಡಿನಲ್ಲಿ ಎಂಬ ಪ್ರಶ್ನೆ ಮರುಗಳಿಗೆಯೇ ಬರುತ್ತಿತ್ತು. ಕೇಳುವವಳು ಮನೆಯ ಬಾಗಿಲಲ್ಲೇ ನಿಂತಿದ್ದಳು, ಎದುರಿಗೆ ಚೂರಿ ಹಿಡಿದ ಅವಳ ಅಣ್ಣ. ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡವನ ಹಾಗೆ ಮೇಷ್ಟ್ರು ಬಾಯಿ ಮುಚ್ಚಿದರು.

ಹೆಂಗಸರು ಮದುವೆಮನೆಯ ಹಾಗೆ ನಾಲಿಗೆ ಹೊರಳಿಸಿ ಉಲಿದರು. ಫರ್ಗಲಿ ಕಣ್ಣೊರೆಸಿಕೊಂಡ. ಬೀಗದ ಕೈ ಮೇಷ್ಟ್ರ ಜೇಬಿನಿಂದ ಹಾಜಿಯ ಜೇಬಿಗೆ ಹೇಗೆ ಹೋಯಿತೆಂದು ಅವರಿಗೆ ನೆನಪಿಲ್ಲ. ಕೆನೆಬಣ್ಣದ ಕಾರು ಐದು ರಕ್ತದ ಅಂಗೈಗಳನ್ನು ಹೊತ್ತು, ಹಾರನ್ನು ಬಾರಿಸುತ್ತ, ಹಾಜಿಯ ಮಗನ ಕೈಯಲ್ಲಿ ಗಲ್ಲಿಯ ತಿರುವು ದಾಟಿತು. ಮೇಷ್ಟ್ರು ಅದನ್ನು ಒಮ್ಮೆಯೂ ಓಡಿಸಿರಲಿಲ್ಲ.

“ಹಾಗಂತ ನಿನ್ನ ಬರಿಗೈಯಲ್ಲಿ ಕೂರಿಸ್ತೀನಿ ಅಂದ್ಕೊಂಡೆಯಾ?” ಹಾಜಿ ಅವರ ಬೆನ್ನು ತಟ್ಟಿದ. “ದಾರಿಯಲ್ಲಿ ಬರ್ತಾನೇ ಇನ್ನೊಂದು ಕಾರಿಗೆ ಹೇಳಿ ಬಂದಿದ್ದೀನಿ. ಇಂಥ ಕೈ ಒಂದು ದಿನ ಸುಮ್ಮನಿರಬಾರದು.”

ಇಳಿಹೊತ್ತಿನ ಅಸರ್ ಬಾಂಗು ಆಗುವ ಹೊತ್ತಿಗೆ ಒಂದು ಲಾರಿ ಗಲ್ಲಿಯೊಳಗೆ ಹಿಮ್ಮುಖವಾಗಿ ಬಂತು. ಹಾಜಿಯ ಅಂಗಡಿಯ ಎದುರಿನ ಗುಜರಿಯವನು ಅದರ ಮೇಲಿದ್ದ ಕಾರನ್ನು ನಿನ್ನೆ ನಿಶ್ಚಿತಾರ್ಥದ ಹೊತ್ತಿಗೇ ತಂದು ಇಳಿಸಿದ್ದನಂತೆ. ಮೆರವಣಿಗೆಗೆ ಅಡ್ಡವಾಯಿತೆಂದು ಹಾಜಿ ಬೈದಿದ್ದನಂತೆ. ಈಗ ಅದೇ ಕೆಲಸಕ್ಕೆ ಬಂತಲ್ಲ, ಎಲ್ಲ ದೇವರ ಏರ್ಪಾಡು ಎಂದ. ಲಾರಿಯಿಂದ ಇಳಿದದ್ದು ಅರವತ್ತನಾಲ್ಕನೆಯ ಇಸವಿಯ ಫಿಯೆಟ್. ಮೈತುಂಬ ತುಕ್ಕು, ತುಕ್ಕಿನ ಮೇಲೆಲ್ಲ ಸೀಮೆಸುಣ್ಣದಲ್ಲಿ ಅಚ್ಚುಕಟ್ಟಾಗಿ ಬರೆದ ಸಂಖ್ಯೆಗಳು. ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯ ಮಲಗಿದಷ್ಟು ಗುಳಿ.

ಒಂದು ಬೆಕ್ಕು ಓಡಿಬಂದು ಅದರಡಿಗೆ ಸೇರಿಕೊಂಡಿತು.

“ನಿಮ್ಮದೂ ಮೊದಲು ಹೀಗೇ ಇತ್ತು ಮೇಷ್ಟ್ರೇ,” ಎಂದ ಫರ್ಗಲಿ ಭಕ್ತಿಯಿಂದ. “ಸಾಕ್ಷಾತ್ ಹೀಗೇ. ಪಾಪ, ಇದರ ಹಿಂದಿನ ಒಡೆಯ ಯಾರೋ ಸಂಖ್ಯೆ ಬರೆಯೋದ್ರಲ್ಲೇ ಆಯಸ್ಸು ಕಳೆದಿದ್ದಾನೆ. ಇನ್ನು ನಾನೂ ಪ್ರತಿ ಶುಕ್ರವಾರ ಬಂದು ನಿಮ್ಮ ಪಕ್ಕ ಕೂರ್ತೀನಿ. ಕಲೀಬೇಕು.”

ನಿದ್ದೆಯೂ ಹೋಯಿತು ಎಂದುಕೊಂಡರು ಮೇಷ್ಟ್ರು.

“ಒಂದು ಬಾಗಿಲಿಲ್ಲ ಇದಕ್ಕೆ,” ಉಮ್ಮ್ ತಾಹಾ ಮೇಲಿನಿಂದ ಗುರುತಿಸಿದಳು. “ಎಡಗಡೆ, ಮುಂದಿಂದು.”

ಯಾರೂ ಕರೆಯದೆಯೇ ಇನ್ಸಾಫ್ ಒಳಗೆ ಹೋದಳು. ಬಾಗಿಲನ್ನು ತಲೆಯ ಮೇಲೆ ಹೊತ್ತು ತಂದು, ಕಾರಿನ ಎಡಗಡೆಗೆ ಒಡ್ಡಿ, ಮೊಣಕೈಯಿಂದ ಒಮ್ಮೆ ನೂಕಿದಳು. ಕೀಲಿಗೆ ಕೀಲು ಕೂತು ಬಾಗಿಲು ‘ಟಕ್’ ಎಂದಿತು. ಗಲ್ಲಿಯೆಲ್ಲ ‘ಮಾಷಾಲ್ಲಾ’ ಎಂದಿತು. ಅವಳು ಬಟ್ಟೆಗೆ ಅಂಟಿದ ತುಕ್ಕು ಕೊಡವಿಕೊಳ್ಳುತ್ತ ಗಂಡನ ಹತ್ತಿರ ಬಂದಳು.

“ಹೇಳಿ ಮಾಡಿಸಿದ ಹಾಗೆ ಕೂತ್ಕೊಂತು, ಅಲ್ವಾ ಮೇಷ್ಟ್ರೇ?” ಎಂದಳು, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ. “ಬಾಟಲಿ ಆಮೇಲೆ ತಂದುಕೊಡ್ತೀನಿ. ಅಂದಹಾಗೆ ಚಿಕ್ಕಮ್ಮನ ಜಮೀನಿನ ಕೇಸು, ಇನ್ನೂ ಕೋರ್ಟಲ್ಲೇ ಇದೆಯಾ?”

ಮೇಷ್ಟ್ರು ನೆಲದ ಮೇಲೆ ಬಿದ್ದಿದ್ದ ಬೂದು ಹೊದಿಕೆಯನ್ನು ಎತ್ತಿಕೊಂಡರು. ಅದರ ನಾಲ್ಕು ಮೂಲೆ ಹುಡುಕಿ, ಧೂಳು ಕೊಡವಿ, ಕಾರಿನ ಮೇಲೆ ನಿಧಾನವಾಗಿ ಎಳೆದರು.

“ಹೂಂ,” ಎಂದರು.