ಕಾಕಾನ ನಕಾಶೆ, ಕಾಕಿಯ ಟಿಕಲಿ

ನಮ್ಮ ಕಾಕಾ ಬರೆದದ್ದನ್ನು ನಾರ್ವೆಯವರು ಓದುತ್ತಾರೆ, ಪೋರ್ಚುಗಲ್ಲಿನವರು ಓದುತ್ತಾರೆ. ಜೇವರ್ಗಿಯ ನಮ್ಮ ಮನೆಯಲ್ಲಿ ಮಾತ್ರ ಒಬ್ಬರೂ ಓದುವುದಿಲ್ಲ! ನಾನೂ ಓದಿರಲಿಲ್ಲ, ಸುಳ್ಳೇಕೆ ಹೇಳಲಿ?

ಕಾಕಾ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಸರ್ಕಾರದ ಕೆಲಸ ಕಂಪ್ಯೂಟರಿನಲ್ಲಿ ಹೇಗೆ ನಡೆಯುತ್ತದೆ, ಹೇಗೆ ನಿಂತುಬಿಡುತ್ತದೆ ಎಂಬುದರ ಬಗ್ಗೆ ಇಂಗ್ಲಿಷಿನಲ್ಲೊಂದು ಸಂಶೋಧನಾ ಪತ್ರಿಕೆ ನಡೆಸುತ್ತಾನೆ. ಕಚೇರಿ ಎಲ್ಲಿ ಅಂತೀರಿ? ಕಾಕಿ ಜೋಳದ ರೊಟ್ಟಿ ಬಡಿದು ಮಾರುವ ಪಡಸಾಲೆಯ ಮೂಲೆಯಲ್ಲಿ! ಅಲ್ಲಿ ಗೋಡೆಗೆ ಜಗತ್ತಿನ ನಕಾಶೆ ತೂಗುತ್ತದೆ. ಹೊಸ ದೇಶದವರು ಯಾರಾದರೂ ಪತ್ರಿಕೆ ಓದಿದರೆ ಸಾಕು, ಆ ದೇಶಕ್ಕೆ ಕಾಕಾ, ಕಾಕಿ ಹಣೆಗಿಡುವ ಒಂದು ಟಿಕಲಿ ಅಂಟಿಸುತ್ತಾನೆ.

"ನನ್ನ ಟಿಕಲಿ ಪಾಕೀಟ ಎಲ್ಲಿ ಅದರಿ?" ಎಂದು ಕಾಕಿ ಹುಡುಕಿದರೆ, "ಪೋರ್ಚುಗಲ್‌ದಾಗ ಅದ, ನೋಡು" ಎನ್ನುತ್ತಾನೆ.

ಹೋದ ವರ್ಷ, ಜಗತ್ತಿನ ಒಳ್ಳೆಯ ಪತ್ರಿಕೆಗಳ ಪಟ್ಟಿ ಮಾಡುವ ಹೊರದೇಶದವರು ಕಾಕಾನ ಪತ್ರಿಕೆಯನ್ನೂ ಸೇರಿಸಿಕೊಳ್ಳಲು ಮುಂದೆ ಬಂದರು. ಒಂದೇ ತಕರಾರು. ಕಾಕಾನ ಲೇಖನದಲ್ಲಿ ಹೆಣ್ಣುಮಗಳೊಬ್ಬಳ ಬಗ್ಗೆ 'ಹೆಬ್ಬಟ್ಟು ಬರವಲ್ದು' ಎಂಬ ಮಾತಿತ್ತು. ರೇಷನ್ ಅಂಗಡಿಯ ಮಷೀನು ಬೆರಳಿನ ಗೆರೆ ಹಿಡಿಯದಿದ್ದರೆ ನಮ್ಮ ಕಡೆ ಹಾಗೇ ಹೇಳುವುದು. ಅದನ್ನು ತೆಗೆದು 'ಗುರುತು ಸಾಬೀತುಪಡಿಸಲು ಫಲಾನುಭವಿ ವಿಫಲ' ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆಯಿರಿ ಎಂದರು.

ಕಾಕಾ ವಿಡಿಯೋ ಮೀಟಿಂಗಿನಲ್ಲೇ ಎದ್ದು ನಿಂತ. ಮೇಲೆ ಕೋಟು, ಕೆಳಗಿನ ಲುಂಗಿಯನ್ನು ಅರ್ಧ ಯುರೋಪು ನೋಡಿತು! ಸಿಟ್ಟಿಗೆ ಇಂಗ್ಲಿಷೂ ಮರೆತುಹೋಗಿತ್ತು.

"ಫೇಲ್ ಆಗಿದ್ದು ಮಷೀನು! ಆ ಹೆಣ್ಣಮಗಳು ಫೇಲ್ ಆಗಿಲ್ಲ! ಒಂದಕ್ಷರಾನೂ ತೆಗಿಯಂಗಿಲ್ಲ!"

"ಕಾಕಾ, ಒಂದು ಮಾತಿನ ಸಲುವಾಗಿ ಪಟ್ಟಿ ಬಿಡ್ತೀರೇನ್ರಿ?" ಎಂದೆ.

"ಬಿಡ್ತೇನಿ ಲೇ! ದೇಶ ಕಡಿಮಿ ಆದ್ರ ಆಗಲಿ, ಟಿಕಲಿ ಕಿತ್ತು ನಿಮ್ಮ ಕಾಕಿಗಿ ವಾಪಸ್ ಕೊಡ್ತೇನಿ."

ಪಟ್ಟಿಯವರು ಕೈಬಿಟ್ಟರು. ಹೆಬ್ಬಟ್ಟು ಮಾತ್ರ ಕನ್ನಡ ಅಕ್ಷರದಲ್ಲೇ ಅಚ್ಚಾಯಿತು.

ಮೊನ್ನೆ ಬ್ರೆಜಿಲಿನಿಂದ ಪ್ರಾಧ್ಯಾಪಕಿಯೊಬ್ಬಳ ಪತ್ರ ಬಂತು. ಅವರಲ್ಲೂ ಕಬ್ಬು ಕಡಿಯುವವರ ಬೆರಳನ್ನು ಮಷೀನು ಹಿಡಿಯುವುದಿಲ್ಲವಂತೆ. ಅದಕ್ಕೆ ಅವರ ಬಳಿ ಇಷ್ಟು ಒಳ್ಳೆಯ ಮಾತಿಲ್ಲ. 'ಹೆಬ್ಬಟ್ಟು ಬರವಲ್ದು' ಎಂಬುದನ್ನೇ ತನ್ನ ಪುಸ್ತಕದ ಹೆಸರಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದಳು.

ಆಗ ನಾಚಿಕೆಯಾಗಿ ಕಾಕಾನ ಲೇಖನ ತೆಗೆದು ಓದಿದೆ. ಅಂಗಡಿಯಿಂದ ಮೂರು ಸಲ ಬರಿಗೈಲಿ ಬಂದ ಹೆಣ್ಣುಮಗಳ ಕಥೆ ಅದು. ರೊಟ್ಟಿ ಬಡಿದು ಬಡಿದು ಅವಳ ಬೆರಳಿನ ಗೆರೆ ಸವೆದಿದ್ದವಂತೆ. ತಲೆ ಎತ್ತಿದೆ. ಕಾಕಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು.

ಕಾಕಾ ಹೊಸ ಟಿಕಲಿಯನ್ನು ಬ್ರೆಜಿಲಿಗೆ ಅಂಟಿಸಲಿಲ್ಲ. ಕಾಕಿಯ ಪಕ್ಕ ಕೂತು, ಅವಳ ಹೆಬ್ಬಟ್ಟಿಗೆ ಒತ್ತಿದ.

"ಹಿಟ್ಟಿನ ಕೈ ಅದರಿ, ಹತ್ತಂಗಿಲ್ಲ ಅದು" ಎಂದಳು ಕಾಕಿ, ಅಂಟದೆ ಜಾರಿದ ಟಿಕಲಿ ನೋಡಿ.

"ಹತ್ತೋತನಾ ಹಿಡೀತೇನಿ" ಎಂದ ಕಾಕಾ.