ಶಮಶೇರಸಾಬನ ನಾಲ್ಕು ಡಬ್ಬಿ

ಬ್ಯಾಡಗಿಯ ತನ್ನ ಮನೆಯಲ್ಲಿ ಹಾಡು ಹಚ್ಚಿದರೆ ಮೇಡ್ಲೇರಿಯ ಹೊಳೆಯಲ್ಲಿ ಮೀನುಗಳು ನೀರಿನ ಮೇಲೆ ಬಂದು ತಾಳಕ್ಕೆ ಸರಿಯಾಗಿ ಬಾಲ ಬಡಿಯುತ್ತವೆ ಎಂದು ಶಮಶೇರಸಾಬ ಹೇಳಿದ. ಹೇಳಿದ್ದು ಹಾವೇರಿಯ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ, ತೊಂಬತ್ಮೂರನೆಯ ಇಸವಿಯ ಒಂದು ಗುರುವಾರ. ಕೇಳಿದವರು ಯೂಸುಫಸಾಬರು. ಇಪ್ಪತ್ತೆಂಟು ವರ್ಷ ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡಿ, ದಿನಕ್ಕೆ ನಲವತ್ತರಂತೆ ಸುಳ್ಳು ಸಾಕ್ಷಿ ಕೇಳಿ, ಸುಳ್ಳೆಂದರೆ ಮೈಮೇಲೆ ಹುಳ ಹರಿದಂತಾಗುವ ಮನುಷ್ಯರು. ಅವರ ಮಗನಿಗೆ ಶಮಶೇರಸಾಬನ ಮಗಳು ಜಾಹೀದಾಳನ್ನು ಕೊಡುವ ಮಾತು ನಡೆದಿತ್ತು.

ಯೂಸುಫಸಾಬರು ಬಶಿಯಲ್ಲಿ ಉಳಿದ ಚಹಾ ಹೀರಿ ಕೇಳಿದರು. "ಬ್ಯಾಡಗಿ ಎಲ್ಲಿ, ಮೇಡ್ಲೇರಿ ಎಲ್ಲಿ. ನಡುವ ಇಡೀ ರಾಣೆಬೆನ್ನೂರ ಐತಿ. ಅಷ್ಟು ದೂರ ಕೇಳಸ್ತೈತೇನು?"

"ನಾಕು ಸ್ಪೀಕರ್ ಡಬ್ಬಿ ಅದಾವರಿ, ನಾಕೂ ಮೂಲಿಗೆ ಒಂದೊಂದು. ನಡುವ ಕುಂತ್ರ ಹಾಡವರು ಬಂದು ನಿಮ್ಮ ಹೆಗಲ ಮ್ಯಾಲ ಕೈ ಹಾಕಿದಂಗ ಆಗತೈತಿ. ಅದಕ್ಕಂತನ ನಡುವಿನ ಗ್ವಾಡಿ ಒಡಿಸಿ, ಪಡಸಾಲಿ, ನಡುಮನಿ, ಅಡಗಿಮನಿ ಮೂರೂ ಕೂಡಿಸಿ ಒಂದ ಹಾಲ್ ಮಾಡೇನಿ. ಬೆಂಗಳೂರಾಗ ದೊಡ್ಡ ಮಂದಿ ಮನಿ ಎಲ್ಲಾ ಈಗ ಹಿಂಗ. ಖುದಾನ ಆಣಿಗೂ."

"ಹಂಗಾದ್ರ ರವಿವಾರ ಸಂಜಿಕೆ ಬರ್ತೇನಿ. ಹುಡುಗೀನ ನೋಡಿದಂಗೂ ಆತು, ಡಬ್ಬಿ ಕೇಳಿದಂಗೂ ಆತು. ಖರೇ ಮಾತಿನ ಮನಿ ಆದ್ರ ಅವತ್ತ ತಾರೀಖು ಹಿಡದಬಿಡೂನು."

ಮನೆಯಲ್ಲಿದ್ದದ್ದು ಒಂದೇ ಒಂದು ಹಳೆಯ ಟೇಪ್ ರೆಕಾರ್ಡರು. ಅದರ ಬಾಗಿಲು ಮುರಿದು ರಬ್ಬರ್ ಬ್ಯಾಂಡ್ ಬಿಗಿದಿತ್ತು. ಅದು ಹಾಡಿದರೆ ಮೇಡ್ಲೇರಿಯ ಮೀನು ಹಾಗಿರಲಿ, ಅದರ ಮೇಲೆಯೇ ಕುಳಿತ ನೊಣ ಕೂಡ ರೆಕ್ಕೆ ಅಲ್ಲಾಡಿಸುತ್ತಿರಲಿಲ್ಲ.

ರವಿವಾರ ಬೆಳಿಗ್ಗೆ ಹೆಂಡತಿ ಮಹಮೂದಾಬೇಗಂ ರೊಟ್ಟಿಯ ಹಂಚನ್ನು ಕುಕ್ಕಿ ಇಟ್ಟಳು. "ನೀವು ಬಾಯಿ ತೆರದಾಗೊಮ್ಮೆ ನನ್ನ ಮಗಳ ಮದುವಿ ಒಂದ ವರ್ಷ ಮುಂದ ಹೋಗತೈತಿ. ಏಳ್ರಿ, ಎಲ್ಲಿಂದರ ನಾಕು ಡಬ್ಬಿ ತರ್ರಿ."

ಶಮಶೇರಸಾಬ ಒಬ್ಬನೇ ಹೋಗಿದ್ದರೆ ಕೆಲಸ ಒಂದೆರಡು ತಾಸಿನಲ್ಲಿ ಮುಗಿಯುತ್ತಿತ್ತು. ಆದರೆ ಓಣಿಯ ತುದಿಯಲ್ಲಿ ಫಕ್ಕೀರಪ್ಪ ಗಂಟುಬಿದ್ದ. ಫಕ್ಕೀರಪ್ಪನೆಂದರೆ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಮಾಲು ನೋಡುವ ಆಳು. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೀಜದ ಸದ್ದಿನ ಮೇಲೆ ಅದು ಯಾವ ಊರಿನದು, ಎಷ್ಟು ಬಿಸಿಲು ಕಂಡದ್ದು, ಬೆಳೆದವನ ಹೆಂಡತಿ ಯಾವ ಊರಿನವಳು ಎಂದು ಹೇಳಬಲ್ಲವ. "ಶಮಶೇರಣ್ಣ, ಮಾಲು ಖರೀದಿಗೆ ನಾ ಇಲ್ಲದ ಹೊಂಟೀಯೇನು?" ಎಂದವನೇ ಬಸ್ಸು ಹತ್ತಿದ.

ರಾಣೆಬೆನ್ನೂರಿನ ಅಂದಾನೆಪ್ಪನ ರೇಡಿಯೋ ಅಂಗಡಿ ಕಡ್ಡಿಪೆಟ್ಟಿಗೆಯಷ್ಟಿತ್ತು. ಅದರಲ್ಲಿ ಮಾಲಕ ಉಸಿರು ಒಳಗೆ ಎಳೆದರೆ ಗಿರಾಕಿ ಹೊರಗೆ ಬಿಡಬೇಕು.

"ಹಾಲ್ ಎಷ್ಟು ಉದ್ದ ಐತ್ರಿ?" ಅಂದಾನೆಪ್ಪ ಕೇಳಿದ.

"ಎಷ್ಟಂದ್ರ ಏನ್ ಹೇಳ್ಲಿ. ಈ ತುದಿಯವ ಆ ತುದಿಯವಗ ಏನರ ಹೇಳಬೇಕಾದ್ರ ಕಾರ್ಡ್ ಬರೀಬೇಕು."

"ಫೂಟಿನಾಗ ಹೇಳ್ರಿ."

"ಇಪ್ಪತ್ತೆರಡು."

"ನಡುವ ಗ್ವಾಡಿ?"

"ಒಂದೂ ಇಲ್ಲ."

ಅಂದಾನೆಪ್ಪ ತಲೆ ಕೆರೆದುಕೊಂಡ. "ಗ್ವಾಡಿ ಇಲ್ಲದ ಮನಿಗೆ ಸಣ್ಣ ಡಬ್ಬಿ ನಡಿಯೂದಿಲ್ಲರಿ. ಸದ್ದು ಅಡಗಿಮನಿಗೆ ಹೋಗಿ ಅಲ್ಲೇ ಕುಂತಬಿಡತೈತಿ. ದೊಡ್ಡ ಡಬ್ಬಿ ಹಚ್ಚಿದ್ರ ಗುಂಯ್ ಅಂತೈತಿ, ಹಾಡು ಯಾವ್ದು ಅಂತ ತಿಳಿಯೂದಿಲ್ಲ."

"ಹಂಗಾದ್ರ ಯಾವ್ದು ತಗೊಳ್ಳಿ?"

"ಅದನ್ನ ನಿಮ್ಮ ಹಾಲ್ ಹೇಳಬೇಕು."

ಅಷ್ಟರಲ್ಲಿ ಫಕ್ಕೀರಪ್ಪ ತನ್ನ ಪರೀಕ್ಷೆ ಸುರು ಮಾಡಿದ್ದ. ಒಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಗೆ ಹಚ್ಚಿ, ಜೋರಾಗಿ ಅಲ್ಲಾಡಿಸಿದ. "ಅಣ್ಣಾ, ಇದರಾಗ ಬೀಜ ಸಡಲ ಆಗ್ಯಾವ."

"ಅದು ಸ್ಕ್ರೂರಿ ಯಪ್ಪಾ. ಕೆಳಗ ಇಡ್ರಿ," ಅಂದ ಅಂದಾನೆಪ್ಪ.

ಫಕ್ಕೀರಪ್ಪ ಎರಡನೆಯದನ್ನು ಮೂಸಿದ. ಮೂರನೆಯದರ ಕರಿ ಕಾಗದಕ್ಕೆ ಉಗುರು ಊರಿ, "ತೊಗಲು ತೆಳ್ಳಗ ಐತಿ, ಇದು ಎರಡನೇ ಕೊಯ್ಲಿನ ಮಾಲು" ಅಂದ. ನಾಲ್ಕನೆಯದರ ಬಾಯಿಗೆ ತಲೆ ತುರುಕಿ ಒಳಗೆ ಇಣುಕಲು ನೋಡಿದಾಗ ಅಂದಾನೆಪ್ಪನ ತಾಳ್ಮೆಯ ತಂತಿ ಹರಿಯಿತು. ನಾಲ್ಕು ದೊಡ್ಡ ಡಬ್ಬಿ, ಒಂದು ಆಂಪ್ಲಿಫೈಯರು ತೆಗೆದು ಹೊರಗೆ ಕಟ್ಟೆಯ ಮೇಲೆ ಇಟ್ಟ. "ಒಂದ ದಿನ ಟ್ರಾಯಲ್‌ಗೆ ಒಯ್ರಿ. ನಾಳೆ ಮುಂಜಾನೆ ವಾಪಸ್ ಬರಬೇಕು. ನೀವು ಅಷ್ಟ ಬರ್ರಿ. ಇವರನ್ನ ಮಾತ್ರ ಕರಕೊಂಡು ಬರಬ್ಯಾಡ್ರಿ."

ಮನೆಗೆ ಬಂದ ಮೇಲೆ ಡಬ್ಬಿಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಿತು. ಮೊದಲನೆಯದನ್ನು ಬೀದಿಯ ಕಿಟಕಿಗೆ ಇಟ್ಟರೆ ಎದುರು ಮನೆಯ ಮೈಲವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. "ಅದರ ಬಾಯಿ ನಮ್ಮ ಕಡೆ ಯಾಕ ಮಾಡೀರಿ? ನನ್ನ ಎಮ್ಮಿ ಹೆದರಿ ಹಾಲು ಬಿಡಲಿಲ್ಲಂದ್ರ ನಾಳಿಂದ ನಿಮಗ ಕರಿ ಚಹಾನ ಗತಿ." ಅದರ ಬಾಯಿ ತಿರುಗಿಸಿದರು. ಎರಡನೆಯದು ಒಲೆಯ ಹತ್ತಿರ ಬೇಡವೆಂದು ಮಹಮೂದಾಬೇಗಂ ಲಟ್ಟಣಿಗೆ ಹಿಡಿದು ನಿಂತಳು. ಕೊನೆಗೆ ಒಂದು ಅಕ್ಕಿ ಪೀಪಾಯಿಯ ಮೇಲೆ, ಒಂದು ಹೊಲಿಗೆ ಮಷಿನ್ನಿನ ಮೇಲೆ, ಒಂದು ಟ್ರಂಕಿನ ಮೇಲೆ, ಒಂದು ಬಚ್ಚಲ ಬಾಗಿಲಲ್ಲಿ ಕುಳಿತವು.

ಹಾಡು ಹಚ್ಚಿದರು. ಹಾಡುಗಾರ ಒಂದು ಸಲ ಅಂದದ್ದನ್ನು ಮನೆ ಮೂರು ಸಲ ಅಂದಿತು. ಪೀಪಾಯಿಯೊಳಗಿನ ಅಕ್ಕಿ ನಾಲ್ಕನೆಯ ಸಲ ಅಂದಿತು. ಯಾರು ಯಾರನ್ನು ಕರೆಯುತ್ತಿದ್ದಾರೆಂದು ತಿಳಿಯದೆ ಓಣಿಯ ಎರಡು ನಾಯಿಗಳು ಒಳಗೆ ಬಂದು ನೋಡಿ ಹೋದವು. ಗಂಟೆ ನಾಲ್ಕಾಗಿತ್ತು. ಯೂಸುಫಸಾಬರು ಬರುವುದು ಐದಕ್ಕೆ.

"ಚೀಲ ಕಟ್ಟೂನು," ಅಂದ ಫಕ್ಕೀರಪ್ಪ.

"ಏನ್ ಚೀಲ?"

"ಗೋಣಿಚೀಲಪ್ಪ. ಮಾರ್ಕೆಟ್ಟಿನಾಗ ಚೀಲ ಒಟ್ಟಿದ ಗೋದಾಮಿನ್ಯಾಗ ನೀ ಎಷ್ಟ ಒದರು, ಸದ್ದು ತಿರುಗಿ ಬರತೈತೇನು? ಚೀಲ ನುಂಗತೈತಿ."

ಜೀವಮಾನದಲ್ಲಿ ಮೊದಲ ಸಲ ಫಕ್ಕೀರಪ್ಪ ಸರಿಯಾದ ಮಾತಾಡಿದ್ದ. ಚೀಲಕ್ಕೆ ಬರವೂ ಇರಲಿಲ್ಲ. ಮೆಣಸಿನಕಾಯಿ ತುಂಬಿ ಹಳತಾದ ಚೀಲಗಳನ್ನು ಕೊಂಡು, ತೇಪೆ ಹಾಕಿ, ಮತ್ತೆ ಮಾರುವುದೇ ಶಮಶೇರಸಾಬನ ದಂಧೆ. ಹಿತ್ತಲಲ್ಲಿ ಒಟ್ಟಿದ್ದನ್ನೆಲ್ಲ ತಂದು ನಾಲ್ಕೂ ಗೋಡೆಗೆ, ತೊಲೆಯಿಂದ ತೊಲೆಗೆ ಕಟ್ಟಿದರು. ಎಣಿಸಿದರೆ ಇನ್ನೂರು. ಶಮಶೇರಸಾಬನ ಬಾಯಲ್ಲಿ ಸಾವಿರ. ಹಾಡು ಹಚ್ಚಿದರೆ ಜೇನಿನಂತೆ ಬಂತು. ಮಹಮೂದಾಬೇಗಂ ಕೂಡ ಲಟ್ಟಣಿಗೆ ಕೆಳಗಿಟ್ಟಳು.

ಐದಕ್ಕೆ ಯೂಸುಫಸಾಬರು ಬಂದರು. ನಡುವಿನ ಕುರ್ಚಿಯಲ್ಲಿ ಕುಳಿತರು. ಜಾಹೀದಾ ಶರಬತ್ತು ತಂದಿಟ್ಟಳು. ಶಮಶೇರಸಾಬ ಒಂದು ಕವ್ವಾಲಿಯನ್ನು ಸಣ್ಣದಾಗಿ ಹಚ್ಚಿದ. ಯೂಸುಫಸಾಬರು ಕಣ್ಣು ಮುಚ್ಚಿ ತಲೆದೂಗಿದರು. "ಛಲೋ ಐತಿ," ಅಂದರು.

ಅಲ್ಲಿಗೆ ನಿಲ್ಲಿಸಿದ್ದರೆ ಮದುವೆ ಆಗಿಹೋದಂತೆಯೇ ಇತ್ತು. ಆದರೆ "ಛಲೋ" ಎಂಬ ಮಾತು ಶಮಶೇರಸಾಬನಿಗೆ ಎಂದೂ ಸಾಕಾದದ್ದಿಲ್ಲ. "ಇದೇನ್ರಿ, ಇನ್ನೂ ಬರೇ ಉಸರ ಬಿಡಾಕತ್ತೈತಿ. ಹೊಳಿ ಮುಟ್ಟಬೇಕಾದ್ರ ಇಷ್ಟು ತಿರುವಬೇಕು" ಎಂದು ಗುಂಡಿಯನ್ನು ತುದಿಗೆ ತಿರುವಿಬಿಟ್ಟ.

ತಬಲಾ ಗುಡುಗಿತು. ಮನೆ ನಡುಗಿತು. ಇನ್ನೂರು ಚೀಲಗಳು ಒಮ್ಮೆಲೇ ಮೈ ಕೊಡವಿದವು. ಹತ್ತು ವರ್ಷದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಕೆಂಪು ಮೋಡವಾಗಿ ಇಳಿಯಿತು. ಮಹಮೂದಾಬೇಗಂ ಸೀನಿದಳು, ಜಾಹೀದಾ ಸೀನಿದಳು, ಕಿಟಕಿಯಲ್ಲಿ ಇಣುಕುತ್ತಿದ್ದ ಮೈಲವ್ವ ಸೀನಿದಳು, ಅವಳ ಹಿಂದೆ ಎಮ್ಮೆ ಸೀನಿತು. ಯೂಸುಫಸಾಬರು ಸೀನಿದ ರಭಸಕ್ಕೆ ಟೋಪಿ ಹಾರಿ ಆಂಪ್ಲಿಫೈಯರಿನ ಮೇಲೆ ಬಿತ್ತು. ಎಲ್ಲರೂ ಒಬ್ಬರನ್ನೊಬ್ಬರು ಎಳೆದುಕೊಂಡು ಬೀದಿಗೆ ಬಿದ್ದರು. ಫಕ್ಕೀರಪ್ಪನೊಬ್ಬ ಮಾತ್ರ ಸೀನದೆ ಗಾಳಿಯನ್ನು ಮೂಸಿ, "ನಮ್ಮೂರ ಕಡ್ಡಿ ಮೆಣಸಿನಕಾಯಿ. ಒಂದನೇ ನಂಬರ್ ಮಾಲು" ಅಂದ.

ಕಟ್ಟೆಯ ಮೇಲೆ ಕುಳಿತ ಯೂಸುಫಸಾಬರು ನಲವತ್ತೊಂದು ಸಲ ಸೀನಿದರು. ಆಮೇಲೆ ಕೆಂಪು ಕಣ್ಣಿನಿಂದ ಶಮಶೇರಸಾಬನನ್ನು ನೋಡಿ ಅವನ ತೋಳು ಹಿಡಿದರು. "ಖರೇ ಹೇಳ್ರಿ, ಶಮಶೇರಸಾಬ್ರ. ಇದು..." ನಲವತ್ತೆರಡನೆಯ ಸೀನು ಮಾತನ್ನು ಅಲ್ಲೇ ತಡೆಯಿತು.

ಗುಟ್ಟು ರಟ್ಟಾಯಿತೆಂದೇ ಶಮಶೇರಸಾಬ ತಿಳಿದ. "ಹೇಳ್ತೇನ್ರಿ. ಡಬ್ಬಿ ನಮ್ಮವಲ್ಲರಿ. ರಾಣೆಬೆನ್ನೂರಿಂದ ಒಂದ ದಿನದ ಮಟ್ಟಿಗೆ ತಂದೇನಿ. ನೀವು ಕುಂತ ಕುರ್ಚಿ ಮೈಲವ್ವಂದು. ಕ್ಯಾಸೆಟ್ಟು ಫಕ್ಕೀರಪ್ಪಂದು. ಮೀನಿನ ಸುದ್ದಿ ಸುಳ್ಳರಿ, ಮೇಡ್ಲೇರಿ ಹೊಳೀನ ನಾ ಕಣ್ಣಲೆ ನೋಡಿಲ್ಲ. ಆ ಗ್ವಾಡಿ ನಾ ಒಡಿಸಿದ್ದಲ್ಲ. ಹೋದ ಮಳಿಗಾಲದಾಗ ತಾನ ಬಿತ್ತು. ಕಟ್ಟಿಸಾಕ ಆಗಲಿಲ್ಲ, ಅದಕ್ಕ ಹಾಲ್ ಅಂದೆ."

ಓಣಿ ಸೀನುವುದನ್ನು ನಿಲ್ಲಿಸಿತು.

ಯೂಸುಫಸಾಬರು ನಿಧಾನವಾಗಿ ಮೂಗು ಒರೆಸಿಕೊಂಡರು. "ನಾ ಕೇಳಾಕ ಹೊಂಟಿದ್ದು, ಇದು ಯಾವ ಮೆಣಸಿನಕಾಯಿ ಘಾಟು ಅಂತ. ಆರು ವರ್ಷದಿಂದ ಮೂಗು ಕಟ್ಟಿತ್ತು. ಹುಬ್ಬಳ್ಳಿ ಡಾಕ್ಟರ್ ಆತು, ದಾವಣಗೇರಿ ಡಾಕ್ಟರ್ ಆತು, ಜಗ್ಗಲಿಲ್ಲ. ಈಗ ನೋಡ್ರಿ, ಎದರ ಮನಿಯಾಗ ಎಮ್ಮಿ ಕಟ್ಟ್ಯಾರ ಅನ್ನೂದು ಕಣ್ಣು ಮುಚ್ಚಿದ್ರೂ ತಿಳಿಯಾಕತ್ತೈತಿ. ಆ ಖುಷಿಗೆ ಇಲ್ಲೇ ಕಟ್ಟಿ ಮ್ಯಾಲ ತಾರೀಖು ಹಿಡಿಯೂನು ಅಂತಿದ್ದೆ."

ಮಹಮೂದಾಬೇಗಂ ಗಂಡನ ಕಡೆ ನೋಡಿದ ನೋಟಕ್ಕೆ ಇನ್ನೂರು ಚೀಲಗಳ ಘಾಟು ಏನೂ ಅಲ್ಲ.

"ಹುಡುಗಿ ಬಿ.ಎ. ಪಾಸಾಗಿದ್ದಾದ್ರೂ ಖರೇನು?" ಯೂಸುಫಸಾಬರು ಕೇಳಿದರು.

"ಅದು ನೂರಕ್ಕ ನೂರು ಖರೇರಿ," ಅಂದ ಶಮಶೇರಸಾಬ. ನಾಲಿಗೆಗೆ ಅಲ್ಲಿ ನಿಲ್ಲುವ ರೂಢಿ ಇರಲಿಲ್ಲ. "ಇಡೀ ಯುನಿವರ್ಸಿಟಿಗೆ ಫಸ್ಟ್."

"ಸೆಕೆಂಡ್ ಕ್ಲಾಸ್‌ರಿ, ಚಾಚಾ," ಜಾಹೀದಾ ದುಪಟ್ಟಾದಿಂದ ಕಣ್ಣು ಒರೆಸಿಕೊಳ್ಳುತ್ತ ಅಂದಳು. "ಇಂಗ್ಲೀಷಿನಾಗ ಮೂವತ್ತಾರು. ಮಾರ್ಕ್ಸ್ ಕಾರ್ಡ್ ತೋರಸ್ಲೇನ್ರಿ?"

ಯೂಸುಫಸಾಬರು ಅವಳನ್ನು ಒಂದು ಗಳಿಗೆ ನೋಡಿದರು. "ಬ್ಯಾಡವಾ. ಸಂಬಂಧ ಆತು." ಬಳಿಕ ಬೀಗನ ಕಡೆ ತಿರುಗಿದರು. "ಆದ್ರ ಒಂದ ಷರತ್ತು. ನಿಕಾಹ್ ಮುಗಿಯೂತನಕ ನಮ್ಮ ಮಂದಿ ಮುಂದ ನೀವು ತುಟಿ ಬಿಚ್ಚಬಾರದು. ಮಾತೆಲ್ಲಾ ಹುಡುಗಿ ಆಡ್ತಾಳ. ಬಂದವರಿಗೆ ನೀವು ಕೈ ಸನ್ನಿ ಮಾಡ್ರಿ, ಸಾಕು. ಒಪ್ಪಿಗಿ ಐತೇನು?"

"ಐತ್ರಿ," ಮಹಮೂದಾಬೇಗಂ ಗಂಡ ಬಾಯಿ ತೆರೆಯುವ ಮೊದಲೇ ಹೇಳಿದಳು.

ಮದುವೆಯ ಚಪ್ಪರ, ಐದುನೂರು ಮಂದಿಯ ಹೊಸ ಕಿವಿಗಳು, ಬಾಗಿಲಲ್ಲಿ ಮೂಕನಂತೆ ನಿಂತ ಹುಡುಗಿಯ ತಂದೆ. ಇದೆಲ್ಲ ಶಮಶೇರಸಾಬನ ಕಣ್ಣ ಮುಂದೆ ಬಂತು. ಘಾಟಿನದಲ್ಲದ ನೀರು ಕಣ್ಣಲ್ಲಿ ತುಂಬಿತು. ಎದೆಯ ಮೇಲೆ ಕೈ ಇಟ್ಟು, ತೀರ ಸಣ್ಣ ದನಿಯಲ್ಲಿ ಅಂದ.

"ನನ್ನ ಕೈಲೆ ಒಂದ ತಾಸೂ ಆಗೂದಿಲ್ಲರಿ, ಬೀಗರ."

ಆ ಮಾತನ್ನು ಮಾತ್ರ ಯೂಸುಫಸಾಬರು ಯಾವ ಸಾಕ್ಷಿಯನ್ನೂ ಕೇಳದೆ ನಂಬಿದರು.