ಅಳಿಯನ ಕಾರಿಗೆ ಮಾವನ ರಿಪೇರಿ

"ನನ್ನ ಅಂಗಳಕ್ಕೆ ಬಂದ ಯಾವ ಮಿಷಿನ್ನೂ ಇನ್ನೊಂದು ಗಾಡಿ ಬೆನ್ನೇರಿ ವಾಪಸ್ ಹೋಗಿಲ್ಲ!"

ಶಿಕಾರಿಪುರದ ಮಲ್ಲಿಕಾರ್ಜುನಪ್ಪನವರು ನಲವತ್ತು ವರ್ಷಗಳಿಂದ ಈ ಮಾತು ಹೇಳುತ್ತ ಬಂದಿದ್ದರು. ಸುಳ್ಳೇನಲ್ಲ. ಯಾವ ಶಾಲೆಯ ಮೆಟ್ಟಿಲೂ ಹತ್ತದೆ ಪಂಪ್‌ಸೆಟ್ಟು, ಪವರ್ ಟಿಲ್ಲರು, ಹಿಟ್ಟಿನ ಗಿರಣಿ, ಮೆಕ್ಕೆಜೋಳ ಬಿಡಿಸುವ ಮಿಷಿನ್ನು ಎಲ್ಲದರ ಹೊಟ್ಟೆ ಸೀಳಿ, ಕರುಳು ತೊಳೆದು, ಮತ್ತೆ ಹೊಲಿದು ನಡೆಸಿದ ಕೈ ಅದು. ಆ ಕೈಗೆ ಕೋಪವೂ ಬೇಗ ಬರುತ್ತಿತ್ತು. ಬಿಗಿಯಾದ ನಟ್ಟು ಅವರ ಬೈಗುಳಕ್ಕೇ ಸಡಿಲವಾಗುತ್ತದೆಂದು ಊರಲ್ಲಿ ಪ್ರತೀತಿ.

ಅಂಥವರ ಅಂಗಳಕ್ಕೆ ಸೊರಬದ ಅಳಿಯ ಗುರುಪ್ರಕಾಶ ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ. ಎರಡೇ ಬಾಗಿಲು, ಮಡಚುವ ಚಾವಣಿ, ಎತ್ತರವೆಂದರೆ ಮಲಗಿದ ಎಮ್ಮೆಯಷ್ಟು! ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡು, ರಾತ್ರಿ ಮಾವನ ಮನೆಯಲ್ಲಿ ತಂಗಿ, ಬೆಳಿಗ್ಗೆ ಪೂಜೆ ಮುಗಿಸಿ ಸೊರಬಕ್ಕೆ ಹೊರಡುವ ಏರ್ಪಾಡು. ಅಲ್ಲಿ ಅವನ ತಾಯಿ ವರದಮ್ಮ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು.

"ಪೂಜೆ ನಾನೇ ಮಾಡ್ತೀನಿ. ನೀ ಮಾಡಿದ್ರೆ ಕಂಡೂ ಕಾಣದಂಗೆ ಸವರ್ತೀಯ" ಎಂದು ಮಲ್ಲಿಕಾರ್ಜುನಪ್ಪ ಹೆಂಡತಿ ರಾಜೇಶ್ವರಮ್ಮನವರನ್ನು ಬದಿಗೆ ಸರಿಸಿದರು. ಎರಡು ವಿಭೂತಿ ಗಟ್ಟಿಗಳನ್ನು ನೀರಲ್ಲಿ ಕಲಸಿ, ಕಾರಿನ ಮೂತಿಗೆ ಈ ಕಡೆಯಿಂದ ಆ ಕಡೆವರೆಗೆ ಮೂರು ಬೆರಳಿನ ಪಟ್ಟೆ ಎಳೆದರು. ಗೋಡೆಗೆ ಸುಣ್ಣ ಬಳಿಯುವವನಿಗೂ ನಾಚಿಕೆಯಾಗಬೇಕು, ಅಷ್ಟು ದಪ್ಪ! ಬಂಪರಿನ ಮೇಲೆ ಸಾಲಾಗಿ ನಾಲ್ಕು ಗುಂಡನೆಯ ಬೊಟ್ಟುಗಳಿದ್ದವು.

"ನೋಡ್ದೇನೇ? ಕಂಪನಿಯೋನೇ ಕುಂಕುಮಕ್ಕೆ ಜಾಗ ಬಿಟ್ಟಾನೆ. ದೈವಭಕ್ತ!"

ನಾಲ್ಕಕ್ಕೂ ವಿಭೂತಿ ಮೆತ್ತಿ, ನಡುವೆ ಕುಂಕುಮ ಇಟ್ಟು, ಮೇಲೊಂದು ಚೆಂಡುಹೂವಿನ ಹಾರ ಏರಿಸಿದರು. ಕಾರು ಮಠಕ್ಕೆ ಹೊರಟ ಸ್ವಾಮಿಗಳಂತೆ ಕಂಡಿತು.

ಗುರುಪ್ರಕಾಶ ಕೂತು ಗುಂಡಿ ಒತ್ತಿ, ಪೆಡಲ್ ತುಳಿದ. ಕಾರು ಗುರ್ರೆಂದು ಒಂದು ಮೊಳ ಮುಂದೆ ಸರಿಯಿತು. ಪೀ ಎಂದು ಕಿರುಚಿ ಗಕ್ಕನೆ ನಿಂತಿತು. ಇನ್ನೊಮ್ಮೆ ತುಳಿದ. ಮತ್ತೆ ಪೀ! ಮತ್ತೆ ಗಕ್ಕನೆ!

"ಮಾವ, ಮುಂದೆ ಏನೋ ಅಡ್ಡ ಅದೆ ಅಂತ ತೋರಿಸ್ತದೆ. ತಾನಾಗೇ ಬ್ರೇಕ್ ಹಾಕ್ಕೊಳ್ತದೆ."

ಮುಂದೆ ಏನಿತ್ತು? ಹಾರು ಹೊಡೆದ ಗೇಟು, ಅದರಾಚೆ ಖಾಲಿ ರಸ್ತೆ. ಒಂದು ಕೋಳಿಯೂ ಇರಲಿಲ್ಲ.

"ಹಾಡಹಗಲೇ ಸುಳ್ಳು ಹೇಳ್ತದಲ್ರೀ ನಿಮ್ಮ ಕಾರು!" ಮಲ್ಲಿಕಾರ್ಜುನಪ್ಪ ಪಂಚೆ ಎತ್ತಿ ಕಟ್ಟಿದರು.

"ಬೇಡ ಮಾವ, ನಮ್ಮೂರ ಯತೀಶಂಗೆ ಫೋನ್ ಮಾಡಿದೀನಿ. ಕಾರು ಹೊರೋ ಲಾರಿ ತರ್ತಾನೆ. ಇನ್ನೊಂದು ತಾಸು ಅಷ್ಟೇ. ಸೊರಬಕ್ಕೆ ಒಯ್ದು ಕಂಪನಿಯೋರನ್ನ ಕರೆಸಿದ್ರಾಯ್ತು."

ಹೊರೋ ಲಾರಿ! ತಮ್ಮ ಅಂಗಳದಿಂದ! ಅದೂ ಬೀಗರ ಮನೆ ಬಾಗಿಲಿಗೆ! ಮಲ್ಲಿಕಾರ್ಜುನಪ್ಪನವರ ನೆತ್ತಿಗೆ ರಕ್ತ ಏರಿತು. ಆದರೆ ಅಳಿಯನನ್ನು ಬೈಯುವಂತಿಲ್ಲ. ಮಾವನನ್ನು ಬೇಡ ಎನ್ನಲು ಅಳಿಯನಿಗೂ ಬಾಯಿಲ್ಲ. ಹೀಗಾಗಿ ಅಳಿಯನ ಪಾಲಿನ ಬೈಗುಳವೆಲ್ಲ ರಾಜೇಶ್ವರಮ್ಮನವರಿಗೆ ಸಂದಾಯವಾಯಿತು.

"ನಿಂತ್ಕಂಡು ಏನ್ ನೋಡ್ತೀಯೇ? ಅಳಿಯಂದಿರಿಗೆ ಕಾಫಿ ಕೊಡು! ಲಾರಿ ಬರೋದ್ರಾಗೆ ಇದರ ಹುಟ್ಟಡಗಿಸ್ತೀನಿ!"

"ಅದರ ಜೊತಿಗೆ ಒಂದು ಪುಸ್ತಕ ಐತಲ್ರೀ. ಒಂದ್ಸಲ ನೋಡಬಾರದಾ?"

"ಪುಸ್ತಕ ನೋಡಿ ರಿಪೇರಿ ಮಾಡೋನು ಮೆಕ್ಯಾನಿಕ್ ಅಲ್ಲ, ಮೇಷ್ಟ್ರು!"

ಗುರುಪ್ರಕಾಶ ಸಂಕೋಚದಿಂದ ಪುಸ್ತಕ ಚಾಚಿದ. ಇಟ್ಟಿಗೆಯಷ್ಟು ದಪ್ಪ. ಅಂಗಳದ ಸಿಮೆಂಟು ಆಗಲೇ ಕಾದಿತ್ತು. ಮಲ್ಲಿಕಾರ್ಜುನಪ್ಪ ಅದನ್ನು ಇಸಕೊಂಡು, ಬಂಪರಿನ ಪಕ್ಕ ಹಾಕಿ, ಅದರ ಮೇಲೆಯೇ ಕುಕ್ಕರಿಸಿದರು.

ಮೊದಲು ಜಾಕು. ಟ್ರ್ಯಾಕ್ಟರ್ ಎತ್ತುವ ಜಾಕು ಕಾರಿನಡಿ ತೂರಲೇ ಇಲ್ಲ. "ಇಲಿ ನುಗ್ಗಾಕೂ ಜಾಗ ಇಲ್ಲ! ಇದೇನು ಕಾರೋ, ಕಾಲ್ಮಣೆಯೋ?" ಬಾನೆಟ್ ಎತ್ತಿದರೆ ಎಲ್ಲೆಲ್ಲೂ ಪ್ಲಾಸ್ಟಿಕ್ ಮುಚ್ಚಳ. "ಕಳ್ಳ ನನ್ಮಕ್ಳು! ತಪ್ಪು ಮಾಡಿದೋರೇ ಹಿಂಗೆ ಮುಚ್ಚಿಡೋದು!" ಒಂದು ಮುಚ್ಚಳ ಕಿತ್ತರು. ಕೆಳಗೊಂದು ವೈರಿತ್ತು. ಪೀ ಅನ್ನುವ ಗಂಟಲು ಇದೇ ಇರಬೇಕೆಂದು ಇಕ್ಕಳ ಹಾಕಿ ಕಚ್ ಎಂದು ಕತ್ತರಿಸಿದರು.

"ಈಗ ಸ್ಟಾರ್ಟ್ ಮಾಡ್ರಿ!"

ಪೀ!

"ಹಾರ್ನ್ ಒತ್ರಿ!"

ಹಾರ್ನ್ ಮಾತ್ರ ಸತ್ತಿತ್ತು.

"ಅಲ್ರೀ, ಕೂಗೋದು ಬಿಟ್ಟು ಕೂಗದೇ ಇರೋದರ ಕತ್ತು ಕೊಯ್ದ್ರಲ್ಲ!" ಎಂದರು ರಾಜೇಶ್ವರಮ್ಮ.

"ಬಾಯಿ ಮುಚ್ಚೇ! ನಿನ್ನ ದನಿಗೇ ಅದು ಬೆದರೋದು!"

ಮುಂದೆ ಫ್ಯೂಸು. ಒಂದೊಂದೇ ಕೀಳುವುದು, ಹಾಕುವುದು, ಒಳಗಿನ ಗುಂಡಿ ಒಂದೊಂದೇ ಒತ್ತುವುದು. ಮಲ್ಲಿಕಾರ್ಜುನಪ್ಪ ಒಂದು ಗುಂಡಿ ಒತ್ತಿದ್ದೇ ತಡ, ಕಾರಿನ ಹಿಂಭಾಗದ ಮುಚ್ಚಳ ಸರ್ರನೆ ಮೇಲೆದ್ದಿತು. ಎತ್ತು ಬಾಲ ಎತ್ತಿದರೆ ಮುಂದೇನೆಂದು ಬಲ್ಲ ಒಕ್ಕಲುಮಗ ಅವರು. ಮೂರು ಹೆಜ್ಜೆ ಹಿಂದಕ್ಕೆ ಜಿಗಿದರು. ಅಷ್ಟರಲ್ಲಿ ಚಾವಣಿಯೂ ಮೇಲೇಳತೊಡಗಿತು!

"ಏ! ಏ! ನಿಲ್ಲೋ! ನಿಲ್ಲೋ ಅಂದ್ರೆ!"

ಕಾರು ಕೇಳಲಿಲ್ಲ. ಮಲ್ಲಿಕಾರ್ಜುನಪ್ಪ ನುಗ್ಗಿ, ಕೈಗೆ ಸಿಕ್ಕ ಫ್ಯೂಸನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿದರು. ಅರ್ಧ ಇಕ್ಕಳದ ಬಾಯಿಗೆ ಬಂತು, ಅರ್ಧ ಒಳಗೇ ಉಳಿಯಿತು. ಚಾವಣಿ ಗಾಳಿಗೆ ಉಲ್ಟಾ ಆದ ಕೊಡೆಯಂತೆ ಆಕಾಶಕ್ಕೆ ಮುಖ ಮಾಡಿ ನಿಂತುಬಿಟ್ಟಿತು. ಇಳಿಯದು, ಏರದು!

ಗುರುಪ್ರಕಾಶನ ಮುಖ ನೋಡುವಂತಿರಲಿಲ್ಲ. "ಪರವಾಗಿಲ್ಲ ಮಾವ... ಗಾಳಿ ಚೆನ್ನಾಗಿ ಬರ್ತದೆ" ಎಂದ ಪಾಪ. ಆ ಮರ್ಯಾದೆಯ ಮಾತು ಮಲ್ಲಿಕಾರ್ಜುನಪ್ಪನವರಿಗೆ ಕೆನ್ನೆಗೆ ಹೊಡೆದಂತಾಯಿತು. ಸಿಟ್ಟಿನಿಂದ ಚಕ್ರಕ್ಕೊಂದು ಒದೆ ಕೊಟ್ಟರು. ಚಕ್ರಕ್ಕೇನೂ ಆಗಲಿಲ್ಲ. ಅವರು ಪುಸ್ತಕದ ಮೇಲೆ ಕೂತು ಹೆಬ್ಬೆರಳು ನೀವಿಕೊಂಡರು.

ಯತೀಶನ ಲಾರಿ ಬಂತು. ಅವನು ಇಳಿದವನೇ ಕಾರಿನ ಸುತ್ತ ಒಂದು ಸುತ್ತು ಹಾಕಿದ.

"ವಿಭೂತಿ ಹಚ್ಚಿ ಆತು, ಹಾರ ಹಾಕಿ ಆತು. ಇನ್ನು ಹೊರೋದೊಂದೇ ಬಾಕಿ ಅಲ್ಲೇನ್ರೀ ಯಜಮಾನ್ರೇ?"

ಮಲ್ಲಿಕಾರ್ಜುನಪ್ಪ ತಲೆಯೆತ್ತಿ ಕಾರು ನೋಡಿದರು. ಹೌದಲ್ಲ! ಮೈತುಂಬ ವಿಭೂತಿ, ಕೊರಳಿಗೆ ಹಾರ, ಮೇಲೆ ಮಂಟಪ ಕಟ್ಟಿದಂತೆ ಎದ್ದುನಿಂತ ಚಾವಣಿ. ಹೊತ್ತು ಹೊರಟರೆ ದಾರಿಯಲ್ಲಿ ಶಿರಾಳಕೊಪ್ಪದವರು ಶವಯಾತ್ರೆಯೆಂದು ಕೈಮುಗಿದು ರಸ್ತೆ ಬಿಟ್ಟುಕೊಡುವುದೇ ಸೈ!

"ಏನೇ, ಕಲ್ಲಾಗಿ ನಿಂತೀಯಲ್ಲ! ಆ ವಿಭೂತಿ ಒರೆಸೇ! ಬೀಗರ ಮನಿ ಮುಂದೆ ಹಿಂಗೇ ಇಳಿಸಿದ್ರೆ ವರದಮ್ನೋರು ಎದಿ ಒಡ್ಕಂತಾರೆ!"

ರಾಜೇಶ್ವರಮ್ಮ ಒದ್ದೆ ಬಟ್ಟೆ ತಂದರು. ಕಾರನ್ನು ಲಾರಿಯ ಹಲಗೆಯ ತನಕ ತರಲೆಂದು ಗುರುಪ್ರಕಾಶ ಮತ್ತೆ ಸ್ಟಾರ್ಟ್ ಮಾಡಿದ. ಪೀ ಶುರುವಾಯಿತು. ರಾಜೇಶ್ವರಮ್ಮ ಹಾರ ತೆಗೆದರು, ಪಟ್ಟೆ ಒರೆಸಿದರು. ಪೀ! ಒಂದನೇ ಬೊಟ್ಟು ಒರೆಸಿದರು. ಪೀ! ಎರಡು, ಮೂರು. ಪೀ! ನಾಲ್ಕನೆಯದರ ಮೇಲೆ ಬಟ್ಟೆ ಆಡಿಸಿದರು ನೋಡಿ, ಕಾರು ತೆಪ್ಪಗಾಯಿತು.

ಗುರುಪ್ರಕಾಶ ಮೆಲ್ಲಗೆ ಕಾಲೊತ್ತಿದ. ಕಾರು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಗೇಟಿನವರೆಗೂ ಹೋಗಿ ನಿಂತಿತು.

ಅವನು ಇಳಿದು ಬಂದು, "ಮಾವ, ಒಂಚೂರು ಏಳ್ತೀರಾ?" ಎಂದು ಅವರಡಿಯಿಂದ ಪುಸ್ತಕ ಎಳೆದುಕೊಂಡು ಹಾಳೆ ತಿರುವಿ ಓದಿದ. "ಕಾರು ಸುಮ್ಮನೆ ಕಿರುಚಿ ನಿಂತರೆ ಗಾಬರಿಯಾಗಬೇಡಿ. ಮುಂದಿನ ನಾಲ್ಕು ಸೆನ್ಸರುಗಳ ಮೇಲೆ ಏನಾದರೂ ಮೆತ್ತಿದೆಯೇ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ... ಅಂತ ಬರೆದಾರೆ ಮಾವ."

ಒಂದು ತಾಸು ಮದ್ದಿನ ಮೇಲೆಯೇ ಕೂತು ರೋಗ ಹುಡುಕಿದ್ದರು ಮಲ್ಲಿಕಾರ್ಜುನಪ್ಪ! ಕಂಪನಿಯನ್ನು ಬೈಯಲು ಬಾಯಿ ತೆರೆದರು. ಆದರೆ ಕಂಪನಿಯವನು ಬರೆದಿಟ್ಟಿದ್ದ. ಅಳಿಯನನ್ನು ಬೈಯುವಂತಿಲ್ಲ. ಹೆಂಡತಿ ಮೊದಲೇ ಹೇಳಿದ್ದಳು. ತೆರೆದ ಬಾಯಿ ಹಾಗೇ ಮುಚ್ಚಿತು.

"ಹಂಗಾರೆ ನಾ ಖಾಲಿ ಹೋಗ್ಲೇನ್ರೀ ಅಮ್ಮಾ?" ಯತೀಶ ಕೇಳಿದ.

"ಬ್ಯಾಡಪ್ಪ, ಹೊತ್ಕಂಡೇ ಹೋಗು. ಅದರ ರೋಗ ಹೋತು. ನಮ್ಮ ಯಜಮಾನ್ರು ಮಾಡಿದ ರಿಪೇರಿ ಇನ್ನೂ ಐತಿ."

ನಲವತ್ತು ವರ್ಷದ ಮಾತನ್ನು ಬೆನ್ನ ಮೇಲೆ ಹೇರಿಕೊಂಡು ಲಾರಿ ಸೊರಬದ ರಸ್ತೆ ಹಿಡಿಯಿತು. ಅದು ಮರೆಯಾಗುವ ತನಕ ಮಲ್ಲಿಕಾರ್ಜುನಪ್ಪ ಹಲ್ಲು ಕಚ್ಚಿ ನೋಡಿದರು. ತಿರುಗಿದರೆ ರಾಜೇಶ್ವರಮ್ಮ ಒದ್ದೆ ಬಟ್ಟೆ ಹಿಡಿದು ಅವರ ಹಣೆಯ ವಿಭೂತಿಯನ್ನೇ ದಿಟ್ಟಿಸುತ್ತಿದ್ದರು.

"ಏನೇ ಅದು?"

"ಏನಿಲ್ಲ. ಬೆಳಗಿಂದ ನೀವೂ ಸುಮ್ಮನೆ ಕಿರುಚ್ತಾ ಇದ್ದೀರಲ್ಲ... ಒಂದ್ಸಲ ಒರೆಸಿ ನೋಡ್ಲೇನ್ರೀ?"